ಮುಂದಿನ ಸೀಟಿನಲ್ಲಿ ನೀರಿನ ಕ್ಯಾನು

ಗುರುವಾರ, ಸಂಜೆ

ಪ್ರೀತಿಯ ಲೆಕ್ಕದ ಟೀಚರಿಗೆ,

ನಿನ್ನ ಕಾಗದ ಸೋಮವಾರವೇ ಕೈಸೇರಿತು. ಫೋನ್ ಮಾಡದೆ ಕಾಗದ ಬರೆದೆಯಲ್ಲ, ಅದಕ್ಕೆ ಮೊದಲು ಥ್ಯಾಂಕ್ಸ್. ಫೋನ್ ರಿಂಗಾದರೆ ನನ್ನ ಕೈ ತಣ್ಣಗಾಗುವುದನ್ನು ನೀನು ಮರೆತಿಲ್ಲ. ನೀನು ಕೇಳಿರುವುದು ಒಂದೇ ಪ್ರಶ್ನೆ, ಅದಕ್ಕೂ ಪ್ರಶ್ನೆಪತ್ರಿಕೆಯ ಹಾಗೆ ಅಡಿಗೆರೆ ಎಳೆದಿದ್ದೀಯ: ನಾನು ಈಗ ಹೇಗಿದ್ದೇನೆ, ರಜೆಯಲ್ಲಿ ಪುಟ್ಟಿಯನ್ನು ಒಂದು ವಾರ ನನ್ನ ಹತ್ತಿರ ಬಿಡಬಹುದೇ?

ಚೆನ್ನಾಗಿದ್ದೇನೆ. ನಿದ್ದೆ ಬರುತ್ತಿದೆ. ಅಡುಗೆ ನಾನೇ ಮಾಡಿಕೊಳ್ಳುತ್ತೇನೆ, ತಳ ಹಿಡಿಸುವುದು ಕಡಿಮೆಯಾಗಿದೆ. ಬಾತ್‌ರೂಮ್ ಬಾಗಿಲಿಗೆ ಚಿಲಕ ಮತ್ತೆ ಹಾಕಿದ್ದೇನೆ. ಪುಟ್ಟಿಗೆ ಎಲ್ಲಕ್ಕಿಂತ ಮೊದಲು ಅದನ್ನು ಹೇಳು.

ಚಿಲಕ ಕಿತ್ತದ್ದು ಯಾಕೆ ಎಂದು ನೀನು ಎಷ್ಟೋ ಸಲ ಕೇಳಿದ್ದೆ. ನಾನು ಬಾಯಿ ಬಿಡಲಿಲ್ಲ. ಹದಿಮೂರು ವರ್ಷದ ಮಗಳು ತನ್ನ ಮನೆ ಬಿಟ್ಟು ಗೆಳತಿಯ ಮನೆಗೆ ಸ್ನಾನಕ್ಕೆ ಹೋಗತೊಡಗಿದಾಗ ನೀನು ಅವಳನ್ನು ಕರೆದುಕೊಂಡು ಹೊರಟೆ. ನಿನ್ನ ಜಾಗದಲ್ಲಿ ಯಾರಿದ್ದರೂ ಹಾಗೇ ಮಾಡುತ್ತಿದ್ದರು. ಈಗ ಬರೆಯುತ್ತೇನೆ, ಬರೆಯುವುದು ಹೇಳುವುದಕ್ಕಿಂತ ಸುಲಭ.

ಆಂಬುಲೆನ್ಸ್ ಕಂಟ್ರೋಲ್ ರೂಮಿನಲ್ಲಿ ನಮಗೆ ಮುಖ ಕಾಣುವುದಿಲ್ಲ, ದನಿ ಮಾತ್ರ. ಅರಚುವವರಿಗೆ ಗಾಡಿ ಮೊದಲು ಹೋಗುತ್ತದೆ. ಅವತ್ತು ಮಧ್ಯಾಹ್ನ ಒಬ್ಬ ಹೆಂಗಸು ಫೋನ್ ಮಾಡಿದರು. ಪಕ್ಕದ ಮನೆಯವರು ಒಂದಿಷ್ಟು ಸಕ್ಕರೆ ಕೇಳುವ ಹಾಗಿತ್ತು ದನಿ. ಸ್ವಲ್ಪ ಹುಷಾರಿಲ್ಲ, ಅರ್ಜೆಂಟೇನೂ ಇಲ್ಲ, ನಿಧಾನಕ್ಕೆ ಕಳಿಸಿ ಅಂದರು. ನಾನು ನಿಧಾನಕ್ಕೇ ಕಳಿಸಿದೆ. ಬಾಗಿಲು ತೆರೆದಿದೆಯಾ ಎಂದು ಕೇಳಲಿಲ್ಲ. ಗಾಡಿ ಹೋದಾಗ ಅವರು ಬಾತ್‌ರೂಮಿನಲ್ಲಿದ್ದರು, ಒಳಗಿನಿಂದ ಚಿಲಕ. ಬಾಗಿಲು ಒಡೆಯುವ ಹೊತ್ತಿಗೆ ಮುಗಿದಿತ್ತು. ವಿಚಾರಣೆಯಲ್ಲಿ ನನ್ನ ತಪ್ಪಿಲ್ಲ ಎಂದಾಯಿತು, ನಿಯಮದ ಪ್ರಕಾರ ನಡೆದುಕೊಂಡಿದ್ದಾರೆ ಎಂದು ಬರೆದರು. ಅವತ್ತು ಮನೆಗೆ ಬಂದವನೇ ಸ್ಕ್ರೂಡ್ರೈವರ್ ಹುಡುಕಿದೆ.

ಇನ್ನು ದೋಣಿಯ ವಿಷಯ. ಅದರ ಬಗ್ಗೆ ನಿನಗೆ ನನ್ನ ತಮ್ಮ ಹೇಳಿದ್ದಾನೆ ಎಂದು ಬರೆದಿದ್ದೀಯ, ಅರ್ಧ ತಮಾಷೆ ಸೇರಿಸಿಯೇ ಹೇಳಿರುತ್ತಾನೆ. ನಮ್ಮ ಆಫೀಸಿನ ಡಾಕ್ಟರು ಮಾತ್ರೆ ಬರೆದುಕೊಟ್ಟು, ಜೊತೆಗೆ ಬುಧವಾರ ಬೆಳಿಗ್ಗೆ ನಿಮ್ಮಂಥವರದೇ ಒಂದು ಗುಂಪಿದೆ, ಅವರೊಡನೆ ಕಯಾಕ್ ದೋಣಿ ನಡೆಸಲು ಹೋಗಿ ಅಂದರು. ಹಾಳುಬಾವಿಗೆ ಬೀಳು ಅಂತ ಬೈಯುವುದನ್ನು ಕೇಳಿದ್ದೆ, ಡಾಕ್ಟರೊಬ್ಬರು ಅದನ್ನು ಚೀಟಿಯಲ್ಲಿ ಬರೆದುಕೊಟ್ಟದ್ದನ್ನು ಕಂಡಿದ್ದು ಇದೇ ಮೊದಲು.

ಊರಿಗೆ ಹಿಂದೆ ನೀರು ಕೊಡುತ್ತಿದ್ದ ಹಳೆಯ ಕೆರೆ ಅದು. ಪಂಪ್‌ಹೌಸಿನಲ್ಲಿ ಬಟ್ಟೆ ಬದಲಿಸಬೇಕು. ಮೊಳೆಗೆ ನೇತುಹಾಕಿದ ಲೈಫ್ ಜಾಕೆಟ್‌ಗಳು ಒಣಗಿದ್ದನ್ನು ನಾನು ನೋಡಿಲ್ಲ, ಒಳಗೆಲ್ಲ ಬೂಸಲು ವಾಸನೆ. ಕಲಿಸುವವರು ಮೊದಲು ಶಾಲೆಯಲ್ಲಿ ಈಜು ಹೇಳಿಕೊಡುತ್ತಿದ್ದವರು, ಕೂಗಿ ಕೂಗಿ ಗಂಟಲು ಒಡೆದುಹೋಗಿದೆ. ನಾವು ಕೋಚ್ ಎನ್ನುತ್ತೇವೆ. ಅವರದು ಎರಡೇ ಕಟ್ಟುಪಾಡು. ಒಂದು, ಯಾರು ಯಾವ ಕಾರಣಕ್ಕೆ ಇಲ್ಲಿಗೆ ಬಂದರು ಎಂದು ನೀರಿನ ಮೇಲೆ ಕೇಳಬಾರದು. ಇನ್ನೊಂದು, ದಡಕ್ಕೆ ಬಂದ ಮೇಲೆ ಅವರು ಕೇಳುವ ಪ್ರಶ್ನೆಗೆ ಉತ್ತರ ಕೊಡಬೇಕು. ನೀವು ಹೇಗಿದ್ದೀರಿ ಎಂದು ಕೇಳುವುದಿಲ್ಲ. ನಿಮ್ಮ ಜೊತೆಗಾರರು ಹೇಗಿದ್ದಾರೆ ಎಂದು ಕೇಳುತ್ತಾರೆ. ತಮ್ಮ ಬಗ್ಗೆ ಎಲ್ಲರೂ ಸುಳ್ಳೇ ಹೇಳುತ್ತಾರಂತೆ.

ನಮ್ಮದು ಇಬ್ಬರು ಕೂರುವ ಕಯಾಕ್. ಮುಂದೆ ಕೂತವರು ಹುಟ್ಟು ಹಾಕುವ ಲಯ ಹಿಡಿಯಬೇಕು, ಹಿಂದಿನವರು ಅದಕ್ಕೆ ಕೈ ಸೇರಿಸಿ ದಿಕ್ಕು ನೋಡಿಕೊಳ್ಳಬೇಕು. ನನ್ನ ಮುಂದೆ ಕೂರುತ್ತಿದ್ದವರು ಬೇಕರಿ ಅಕ್ಕ. ಸ್ವಂತ ಬೇಕರಿ, ಮುಂಗೈ ತುಂಬ ಓವನ್ ಟ್ರೇ ತಗುಲಿದ ಬರೆಗಳು. ಮೊದಲ ದಿನ ದೋಣಿ ವಾಲಿದಾಗ ನಾನು ಅಭ್ಯಾಸಬಲದಿಂದ ನನ್ನ ಕಂಟ್ರೋಲ್ ರೂಮ್ ದನಿ ತೆಗೆದೆ. ಗಾಬರಿ ಆಗಬೇಡಿ, ನಿಧಾನವಾಗಿ ಉಸಿರಾಡಿ, ನಾನು ನಿಮ್ಮ ಜೊತೆ ಇದ್ದೇನೆ. ಅವರು ಹಿಂತಿರುಗಿಯೂ ನೋಡದೆ, "ಸಾರ್, ನಂಗೆ ಆಂಬುಲೆನ್ಸ್ ಬೇಡ, ನೀವು ಸ್ವಲ್ಪ ಜೋರಾಗಿ ಹುಟ್ಟು ಹಾಕಿ ಸಾಕು" ಅಂದರು. ದಡದಲ್ಲಿದ್ದ ಕೋಚ್ ನಕ್ಕದ್ದು ನಮಗೆ ಕೇಳಿಸಿತು.

ನೀರು ನನಗೆ ಒಳ್ಳೆಯದು ಮಾಡಿತು, ಅದನ್ನು ಇಲ್ಲ ಎನ್ನಲಾರೆ. ಒಂದು ಬೆಳಿಗ್ಗೆ ಮಂಜು ದಟ್ಟವಾಗಿತ್ತು. ಜೊಂಡಿನ ಪಕ್ಕ ಹುಟ್ಟು ಮಡಿಲಲ್ಲಿಟ್ಟು ಸುಮ್ಮನೆ ಕೂತೆವು. ಮುಳುಗಿದ್ದ ಮರದ ಬೊಡ್ಡೆ ಮೇಲೆ ನೀರುಕಾಗೆ ರೆಕ್ಕೆ ಹರಡಿ ಒಣಗಿಸಿಕೊಳ್ಳುತ್ತಿತ್ತು. ತುಂಬ ಹೊತ್ತಾದ ಮೇಲೆ ತಿಳಿಯಿತು, ನಾನು ಯಾವ ದನಿಗೂ ಕಿವಿಗೊಟ್ಟು ಕೂತಿರಲಿಲ್ಲ. ಆ ದಿನ ಮನೆಗೆ ಬಂದು ಚಪ್ಪಲಿ ಬಿಚ್ಚದೆ ಸೋಫಾದಲ್ಲಿ ಮಲಗಿದವನು ಸಂಜೆ ಎದ್ದೆ.

ಆದರೂ ದಡಕ್ಕೆ ಬಂದರೆ ಬೇಕರಿ ಅಕ್ಕ ನನ್ನ ಬಗ್ಗೆ ಕೊಡುತ್ತಿದ್ದ ವರದಿ ಒಂದೇ. "ಇವ್ರು ಬಂದಿದ್ರು ಕೋಚ್, ಕಿವಿ ಮಾತ್ರ ಇಲ್ಲೇ ದಡದಲ್ಲಿ ಬಿಟ್ಟು ಬಂದಿದ್ರು." ಮುಂದೆ ಕೂತವರಿಗೆ ಹಿಂದಿನವರು ಕಾಣುವುದಿಲ್ಲ. ನನ್ನ ಹುಟ್ಟು ಎಲ್ಲಿ ತಡೆಯಿತು, ಎಲ್ಲಿ ಸುಮ್ಮನೆ ನೀರು ಸವರಿತು ಎನ್ನುವುದರಿಂದಲೇ ಅವರು ತಿಳಿದುಕೊಳ್ಳುತ್ತಿದ್ದರು. ನನಗೋ ಅವರ ಇಡೀ ಬೆನ್ನು ಕಣ್ಣೆದುರಿಗಿತ್ತು.

ಅವರು ಕೊನೆಯ ಸಲ ಬಂದ ಬುಧವಾರ ದೋಣಿ ಬೆಣ್ಣೆಯ ಮೇಲೆ ಹೋದ ಹಾಗೆ ಹೋಯಿತು. ಅವರ ಕೈ ಒಂದೇ ಸಮ, ಉಸಿರು ಒಂದೇ ಸಮ. ಏನನ್ನೋ ಗುನುಗುತ್ತಿದ್ದರು. ದಡದಲ್ಲಿ ತಮ್ಮ ಕೈಗವಸು ಬಿಚ್ಚಿ ನನಗೆ ಕೊಟ್ಟರು. ಇಟ್ಕೊಳ್ಳಿ, ನಿಮ್ಮ ಅಂಗೈ ನೋಡೋಕಾಗಲ್ಲ, ನಂದು ಬೆಂಕಿಗೆ ಪಳಗಿದ ಕೈ ಅಂದರು. ಕೋಚ್ ಕೇಳಿದಾಗ ನಾನು ಹೇಳಿದೆ, ಫಸ್ಟ್ ಕ್ಲಾಸ್, ಇಷ್ಟು ದಿನಗಳಲ್ಲಿ ಇವತ್ತೇ ತುಂಬ ಚೆನ್ನಾಗಿದ್ದಾರೆ ಎಂದು. ಅವರ ಸರದಿ ಬಂದಾಗ ಎಂದಿನ ತಮಾಷೆ ಮಾಡಲಿಲ್ಲ. "ಇವ್ರನ್ನ ಇನ್ನೂ ಒಬ್ಬರನ್ನೇ ಬಿಡಬೇಡಿ" ಅಂದರು. ನನಗೆ ಸಿಟ್ಟು ಬಂತು. ಅವರನ್ನು ನಾನು ಅಷ್ಟು ಹೊಗಳಿದ್ದೆ, ಅವರು ನನ್ನನ್ನು ಫೇಲ್ ಮಾಡಿದ್ದರು. ಸರಿಯಾಗಿ ಹೋಗಿಬರುತ್ತೇನೆ ಎಂದೂ ಹೇಳದೆ ಬಂದೆ.

ಮುಂದಿನ ಬುಧವಾರ ಕೋಚ್ ನಮ್ಮನ್ನು ಪಂಪ್‌ಹೌಸಿನಲ್ಲಿ ನಿಲ್ಲಿಸಿ ಹೇಳಿದರು. ಬೇಕರಿ ಅಕ್ಕ ಸೋಮವಾರ ತೀರಿಕೊಂಡಿದ್ದಾರೆ. ತಮ್ಮ ಜೀವ ತಾವೇ ಕಳೆದುಕೊಂಡರು. ನಮ್ಮ ಗುಂಪಿನ ಕೌನ್ಸೆಲರ್ ಮೇಡಂ ನನ್ನನ್ನು ಪಕ್ಕಕ್ಕೆ ಕರೆದು, ಹಿಂದೆ ಕೂತವರಿಗೆ ಅದು ಗೊತ್ತಾಗಲು ಸಾಧ್ಯವಿರಲಿಲ್ಲ ಎಂದರು. ಮಾತು ಒಳ್ಳೆಯದೇ. ಆದರೆ ಇದನ್ನು ನಾನು ಹಿಂದೊಮ್ಮೆ, ಆ ವಿಚಾರಣೆಯ ಕಾಗದದಲ್ಲಿ, ಸೀಲು ಒತ್ತಿದ್ದನ್ನು ಓದಿದ್ದೇನೆ. ಫೋನ್ ಮಾಡಿದ ಆ ಹೆಂಗಸು, ಬೇಕರಿ ಅಕ್ಕ: ಎರಡು ಸಲವೂ ದನಿ ಸಮಾಧಾನವಾಗಿತ್ತು, ಎರಡು ಸಲವೂ ನಾನು ಸಮಾಧಾನಪಟ್ಟುಕೊಂಡೆ.

ಗುಂಪಿನಲ್ಲಿ ಈಗ ನಾನು ಬೆಸ. ಇಬ್ಬರ ದೋಣಿಯಲ್ಲಿ ಹಿಂದೆ ಒಬ್ಬನೇ ಕೂತರೆ ಮೂತಿ ಮೇಲೇಳುತ್ತದೆ, ಸ್ವಲ್ಪ ಗಾಳಿ ಬೀಸಿದರೂ ಗರಗರ ತಿರುಗುತ್ತದೆ. ಅದಕ್ಕೆ ಕೋಚ್ ಒಂದು ಕ್ಯಾನಿಗೆ ನೀರು ತುಂಬಿಸಿ ಮುಂದಿನ ಸೀಟಿನಲ್ಲಿಟ್ಟು ಬೆಲ್ಟು ಬಿಗಿದರು. ಈಗ ದೋಣಿ ನೆಟ್ಟಗೆ ಹೋಗುತ್ತದೆ. ದಡಕ್ಕೆ ಬಂದಾಗ ಅವರು ಒಬ್ಬೊಬ್ಬರನ್ನೂ ಕೇಳುತ್ತಾ ಬರುತ್ತಾರೆ. ನನ್ನ ಹತ್ತಿರ ಬಂದಾಗ ಕ್ಯಾನನ್ನೊಮ್ಮೆ ನೋಡಿ, ಏನೂ ಕೇಳದೆ, ದೋಣಿಯನ್ನು ಮೇಲೆಳೆಯಲು ಕೈಕೊಡುತ್ತಾರೆ.

ಇಷ್ಟಾದರೂ ಒಂದು ಬುಧವಾರವನ್ನೂ ನಾನು ಬಿಟ್ಟಿಲ್ಲ. ಅದನ್ನು ನೀನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಮುಂದಿನ ವಾರ ಶನಿವಾರ ಬೆಳಗಿನ ಬಸ್ಸಿಗೆ ಪುಟ್ಟಿಯನ್ನು ಹತ್ತಿಸು, ಸ್ಟ್ಯಾಂಡಿನಲ್ಲಿ ನಾನಿರುತ್ತೇನೆ. ಅವಳ ಕೋಣೆ ಗುಡಿಸಿದ್ದೇನೆ, ಬೆಡ್‌ಶೀಟು ಒಗೆದಿದ್ದೇನೆ. ಏನೂ ಯೋಚನೆ ಮಾಡಬೇಡ.

ಇಂತಿ,
ಇನ್ನೂ ಹಾಗೆ ಬರೆಯಬಹುದಾದರೆ, ನಿನ್ನವನು,
ಪುಟ್ಟಿಯ ಅಪ್ಪ

ತಾ.ಕ.: ಕವರು ಅಂಟಿಸುವ ಮೊದಲು ಇನ್ನೊಮ್ಮೆ ಓದಿದೆ. ಎಷ್ಟು ಸಮಾಧಾನವಾಗಿ ಬರೆದಿದ್ದೇನೆ ನೋಡು. ಈ ದನಿಯಲ್ಲಿ ಯಾರಾದರೂ ಫೋನ್ ಮಾಡಿದ್ದರೆ ಗಾಡಿಯನ್ನು ನಿಧಾನಕ್ಕೇ ಕಳಿಸುತ್ತಿದ್ದೆ. ಚಿಲಕ ಹಾಕಿಲ್ಲ. ಚಿಲಕ, ಸ್ಕ್ರೂ, ಸ್ಕ್ರೂಡ್ರೈವರ್ ಎಲ್ಲ ಬಾತ್‌ರೂಮ್ ಕಿಟಕಿಯ ಕಟ್ಟೆ ಮೇಲಿವೆ; ದಿನಾ ಕೈಗೆತ್ತಿಕೊಂಡು ಮತ್ತೆ ಅಲ್ಲೇ ಇಡುತ್ತೇನೆ. ಮನೆಯಲ್ಲಿ ಒಬ್ಬನೇ ಇದ್ದರೂ ಬಾಗಿಲು ತೆರೆದಿಟ್ಟೇ ಸ್ನಾನ ಮಾಡುತ್ತೇನೆ. ಪುಟ್ಟಿಯನ್ನು ಈಗ ಕಳಿಸಬೇಡ. ನಿನಗೆ ರಜೆ ಇದೆಯಲ್ಲ, ಬುಧವಾರ ನೀನು ಬಾ. ನೀರೆಂದರೆ ನಿನಗೆ ಭಯ, ಗೊತ್ತು. ಜಾಕೆಟ್ ಇದೆ, ಕೋಚ್ ಇರುತ್ತಾರೆ. ಕ್ಯಾನು ತೆಗೆದಿಡಲು ಹೇಳುತ್ತೇನೆ, ನೀನು ಮುಂದೆ ಕೂತುಕೋ. ದಡಕ್ಕೆ ಬಂದ ಮೇಲೆ ಅವರು ನಿನ್ನನ್ನು ಕೇಳುತ್ತಾರೆ. ನಿನಗೆ ಅನ್ನಿಸಿದ್ದನ್ನೇ ಹೇಳು. ನನ್ನ ಮುಲಾಜು ನೋಡಬೇಡ.