ಡಬ್ಬಿಯ ತಿಕೀಟು

ಉಗಾರ ಖುರ್ದ
ರವಿವಾರ, ೧೬ ನವೆಂಬರ್ ೨೦೨೫

ಪ್ರಿಯ ಪ್ರಾಜಕ್ತಾ,

ಆ ಸಿನಿಮಾದ ಎರಡನೇ ಅರ್ಧದಲ್ಲಿ ಹೆಚ್ಚು ನಗು ಬರುತ್ತದೆ ಎಂದಿದ್ದೆಯಂತೆ, ಅಥವಾ ಮೊದಲಿನದರಲ್ಲೋ? ಮಸರತ ಹೇಳುವಾಗ ನಾನು ಸರಿಯಾಗಿ ಕೇಳಲಿಲ್ಲ. ಅವಳು ನಿನ್ನ ಹಾಗೆ ಕೈ ತಿರುಗಿಸುವುದನ್ನೇ ನೋಡುತ್ತಿದ್ದೆ.

ಫೋನಿನಲ್ಲಿ ಬರೆದರೆ ಅವಳಿಗೂ ತೋರಿಸುತ್ತೀ. ಅದಕ್ಕೇ ಕಾಗದ.

ನಮ್ಮದೊಂದು ಪದ್ಧತಿ ಇತ್ತಲ್ಲ, ಸಿನಿಮಾ ಒಬ್ಬರು ನೋಡುವುದು, ಮರುದಿನ ಗಾಡಿಯಲ್ಲಿ ಇನ್ನೊಬ್ಬರಿಗೆ ಹೇಳುವುದು. ನೀನು ರಾಯಬಾಗದಲ್ಲಿ ಹತ್ತಿ, ಪಕ್ಕದ ಸೀಟಿನ ಮೇಲೆ ಊಟದ ಡಬ್ಬಿ ಇಟ್ಟು, ಉಗಾರದ ತನಕ ನನ್ನ ಜಾಗ ಕಾಯುತ್ತಿದ್ದೆ. ನಾನು ಕೂತ ಮೇಲೆ ಕಥೆ ಶುರು. ಮಿರಜಕ್ಕೆ ಮುಗಿಯದಿದ್ದರೆ ಸಂಜೆಯ ಗಾಡಿಗೆ ಉಳಿಯುತ್ತಿತ್ತು. ಆ ದಿನವೆಲ್ಲ ಕ್ಲಾಸಿನಲ್ಲಿ ನನಗೆ ಏನೂ ಕಿವಿಗೆ ಬೀಳುತ್ತಿರಲಿಲ್ಲ.

ನನ್ನ ಕೋರ್ಸಿನಲ್ಲಿ ಆಸ್ಪತ್ರೆಯ ಡ್ಯೂಟಿ ಬಂತು, ನಾನು ನಮ್ಮದಕ್ಕಿಂತ ಮುಂಚಿನ ಗಾಡಿಗೆ ಹೋಗತೊಡಗಿದೆ. ಉಗಾರಕ್ಕಿಂತ ಮೊದಲೇ, ಕುಡಚಿಯಲ್ಲಿ ಹತ್ತುವ ಮಸರತ ಆ ಜಾಗದಲ್ಲಿ ಕೂರಬಹುದು, ಕೂತು ನನ್ನ ಪಾಲಿನ ಕಥೆ ಕೇಳಬಹುದು ಎಂದು ಹೊಳೆದಿರಲಿಲ್ಲ.

ಕಳೆದ ವಾರ ಮಿರಜದ ಪ್ಲಾಟ್‌ಫಾರ್ಮಿನಲ್ಲಿ ಸಿಕ್ಕಳು. ನೀನು ಅವಳಿಗೆ ಹೇಳಿದ ಸಿನಿಮಾದ ಡಬ್ಬಿಯ ದೃಶ್ಯ ಹೇಳಿ, ನಕ್ಕು ಬೆಂಚು ಹಿಡಿದುಕೊಂಡಳು. ಗಾಡಿಯಲ್ಲಿ ಒಬ್ಬಾಕೆ ಸೀಟಿನ ಮೇಲೆ ಡಬ್ಬಿ ಇಟ್ಟು, ಕೇಳಿದವರಿಗೆಲ್ಲ ಮುಂದಿನ ಸ್ಟೇಶನ್ನಿಗೆ ಬರುತ್ತಾರೆ ಎನ್ನುತ್ತಾಳಂತೆ. ಯಾರೂ ಬರುವುದಿಲ್ಲ. ಟಿ.ಸಿ. ಬಂದು, “ಹಂಗಾರ ಡಬ್ಬಿದ ತಿಕೀಟ ತೋರಸ್ರಿ ಬಾಯಾರ” ಎಂದರೆ, “ಅರ್ಧಾ ತಿಕೀಟ ಹರೀರಿ, ಇನ್ನಾ ಸಣ್ಣದೈತಿ” ಎಂದು ಪರ್ಸು ತೆಗೆಯುತ್ತಾಳಂತೆ.

“ಪ್ರಾಜಕ್ತಾನ ಬಾಯಾಗ ಕೇಳಬೇಕಿತ್ತ ಬೇ ನೀ” ಎಂದಳು ಮಸರತ. ನನಗೆ ಹೇಳಿದಳು, ಈ ಮಾತನ್ನು.

ಇವತ್ತು ಪರೀಕ್ಷೆಯ ಓದು ಬಿಟ್ಟು ಒಬ್ಬಳೇ ಸಾಂಗಲಿಗೆ ಹೋಗಿ ಅದೇ ಸಿನಿಮಾ ನೋಡಿದೆ. ನನ್ನ ಪಾಸು ಮಿರಜದವರೆಗೆ ಮಾತ್ರ, ಮುಂದಕ್ಕೆ ತಿಕೀಟು ತೆಗೆಸಬೇಕು. ಪಾಸಿನ ಹಾದಿಯಲ್ಲಿ ದರ ಎಂಬುದು ನೆನಪಾಗುವುದೇ ಇಲ್ಲ, ದಿನಾ ಜೊತೆ ಕೂರುವವರ ಹಾಗೆ. ಅದು ಮುಗಿದು, ಒಂದು ಚೂರು ದೂರಕ್ಕೆ ಕೌಂಟರಿನ ಮುಂದೆ ನಿಂತಾಗ, ಇಷ್ಟು ದಿನ ಏನೂ ಕೊಡದೆ ಕೂತಿದ್ದೆನಲ್ಲ ಎನ್ನಿಸಿತು. ಮಧ್ಯಂತರದ ಸಮೋಸಾ ಆ ತಿಕೀಟಿಗಿಂತ ತುಟ್ಟಿ. ಅದನ್ನೂ ಒಬ್ಬಳೇ ತಿಂದೆ.

ಜನ ಮುಂದಿನ ಸೀಟು ಬಡಿದು ನಗುತ್ತಿದ್ದರು. ನಾನು ಡಬ್ಬಿಗಾಗಿ ಕಾದೆ, ಕೊನೆಯ ಹೆಸರುಗಳು ಮುಗಿಯುವ ತನಕ. ಆ ಸಿನಿಮಾದಲ್ಲಿ ಡಬ್ಬಿ ಇಲ್ಲ, ಪ್ರಾಜಕ್ತಾ. ರೈಲೇ ಇಲ್ಲ.

ಮಸರತಳಿಗೆ ಇದನ್ನು ಹೇಳುವುದಿಲ್ಲ. ಅವಳಿಗೆ ಗೊತ್ತಿಲ್ಲದ್ದು ಒಂದಾದರೂ ನನ್ನ ಹತ್ತಿರ ಇರಲಿ.

ನಿನ್ನ
ದೀಪಾಲಿ

ತಾ.ಕ.: ಮುಂದಿನ ತಿಂಗಳಿಂದ ಡ್ಯೂಟಿ ಬದಲಾಗುತ್ತದೆ, ನಮ್ಮ ಗಾಡಿಗೇ ಬರುತ್ತೇನೆ. ಆ ದೃಶ್ಯದ ಕೊನೆಯನ್ನು ನೀನು ಮಸರತಳಿಗೂ ಹೇಳಿಲ್ಲವಂತೆ. ಕುಡಚಿಯಲ್ಲಿ ಯಾರಾದರೂ ಹತ್ತಿ ಜಾಗ ಕೇಳಿದರೆ, ಆಕೆ ಡಬ್ಬಿ ಎತ್ತಿಬಿಡುತ್ತಾಳೋ, ಉಗಾರದ ತನಕ ಇಟ್ಟಿರುತ್ತಾಳೋ?