ನಾಲ್ಕನೇ ಮಂಚದ ಪಕ್ಕದ ಸಿಂಕು

ಆಸ್ಪತ್ರೆಯ ಪಂಪ್ ರೂಮು,
ಶುಕ್ರವಾರ ಮಧ್ಯಾಹ್ನ

ಪ್ರೀತಿಯ ಪುಟ್ಟಿ,

ಚಿಕ್ಕಮ್ಮನ ಮನೆಯಲ್ಲಿ ಹೇಗಿದ್ದೀಯ? ತೊಳೆದು ತೊಳೆದು ಸುಲಿದಿದ್ದ ಕೈ ವಾಸಿಯಾಯಿತೇ? ಎಣ್ಣೆ ಹಚ್ಚಿಕೋ, ಸೋಮಾರಿತನ ಬೇಡ. ನನಗೆ ಎಂದಿನ ಮಂಡಿನೋವು, ಅಷ್ಟೇ.

ನಿನ್ನನ್ನು ನರ್ಸ್ ಕೆಲಸದಿಂದ ದೂರವಿಟ್ಟು ಹತ್ತು ದಿನವಾದ ಮೇಲೂ ಐಸಿಯುವಿನ ನಾಲ್ಕನೇ ಮಂಚದ ಹೊಸ ರೋಗಿಗೂ ಹಿಂದಿನ ಇಬ್ಬರಿಗೆ ಬಂದಿದ್ದ ಅದೇ ಜ್ವರ ಬಂತು, ಯಾವ ಔಷಧಿಗೂ ಬಗ್ಗದ್ದು. ಹೆಡ್ ನರ್ಸ್ ಈಗಲೂ ನಿನ್ನ ಕೈಯನ್ನೇ ದೂರುತ್ತಾಳೆ. ನನಗೆ ಮೊದಲು ಅವಳ ಮೇಲೇ ಅನುಮಾನ, ನಂತರ ನೆಲ ಒರೆಸುವವಳ ಮೇಲೆ, ಆಮೇಲೆ ಕೈ ತೊಳೆಯುವಾಗಲೂ ಉಂಗುರ ತೆಗೆಯದ ದೊಡ್ಡ ಡಾಕ್ಟರ ಮೇಲೆ. ನಿನ್ನ ಮೇಲೂ ಅನುಮಾನ ಪಟ್ಟೆ, ಸುಳ್ಳು ಯಾಕೆ ಹೇಳಲಿ. ಅವತ್ತು ಊಟಕ್ಕೆ ಕೂತಾಗ "ಕೈ ಸರಿಯಾಗಿ ತೊಳೀತೀಯೋ ಇಲ್ವೋ?" ಅಂದೆನಲ್ಲ, ನೀನು ತಟ್ಟೆ ಬಿಟ್ಟು ಎದ್ದು ಹೋದೆ. ಆ ಮಾತು ಆಡಬಾರದಿತ್ತು, ಪುಟ್ಟಿ.

ಇಪ್ಪತ್ತಾರು ವರ್ಷ ಇಲ್ಲಿನ ಪೈಪುಗಳ ಜೊತೆ ಏಗಿದವನಿಗೆ ಕೊನೆಗೂ ಆ ಮಂಚದ ಪಕ್ಕದ ಸಿಂಕಿನ ಮೇಲೆ ಕಣ್ಣು ಬಿತ್ತು. ಡ್ರಿಪ್ ಬಾಟಲಿಯಲ್ಲಿ ಉಳಿದ ಔಷಧಿಯನ್ನೆಲ್ಲ ನೀವು ಅಲ್ಲೇ ಸುರಿಯುತ್ತೀರಿ, ಹಳೆಯ ರೂಢಿ. ಕೆಳಗಿನ ಬಾಗಿದ ಪೈಪು ಬಿಚ್ಚಿದರೆ ಬೆರಳು ದಪ್ಪದ ಲೋಳೆ. ಲ್ಯಾಬಿನವಳಿಗೆ ಕೊಟ್ಟೆ. ರೋಗಿಯ ರಕ್ತದಲ್ಲಿದ್ದ ಕ್ರಿಮಿಯೇ ಅದರಲ್ಲೂ ಇದೆಯಂತೆ. ಔಷಧಿ ಕುಡಿದೇ ಬೆಳೆದದ್ದಕ್ಕೆ ಔಷಧಿ ಏನು ಮಾಡೀತು ಅಂದಳು. ಆದರೆ ಪೈಪಿನೊಳಗಿನದು ರೋಗಿಯ ತನಕ ಹೋಗುವುದು ಹೇಗೆ? ಅವರನ್ನು ಬೇರೆ ವಾರ್ಡಿಗೆ ಸಾಗಿಸಿದ ಮೇಲೆ ಪೈಪು ಮತ್ತೆ ಜೋಡಿಸಿ, ಸಿಂಕಿನ ತೂತಿಗೆ ಬಟ್ಟೆಯ ನೀಲಿ ಸುರಿದು, ಸುತ್ತ ಬಿಳಿ ಕಾಗದ ಹಾಸಿ ನಲ್ಲಿ ಬಿಟ್ಟೆ. ಇಂಜೆಕ್ಷನ್ ಟ್ರೇ ಇಡುವ ಜಾಗಕ್ಕೂ ನೀಲಿ ಚುಕ್ಕೆ, ದಿಂಬಿನ ಮೇಲೂ ನೀಲಿ ಚುಕ್ಕೆ. ಕೈ ತೊಳೆದಷ್ಟೂ ತೂತಿನೊಳಗಿನದು ಸಿಡಿಯುತ್ತದೆ. ನಿನ್ನಷ್ಟು ಸಲ ಕೈ ತೊಳೆಯುವವರು ಆ ವಾರ್ಡಿನಲ್ಲಿ ಬೇರೆ ಯಾರಿದ್ದಾರೆ?

ಆ ಕಾಗದಗಳನ್ನು ಬೀಗ ಹಾಕಿ ಇಟ್ಟಿದ್ದೇನೆ, ಇಲ್ಲಿ ಯಾರನ್ನೂ ನಂಬುವಂತಿಲ್ಲ. ಚಿಕ್ಕಮ್ಮನನ್ನು ಕೇಳಿದೆನೆಂದು ಹೇಳು. ನಿನಗೆ ಒಳ್ಳೆಯದಾಗಲಿ.

ನಿನ್ನ
ಅಪ್ಪ

ಮರೆತ ಮಾತು: ಮರೆತಿರಲಿಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ಆ ನಲ್ಲಿ ಕೂರಿಸಿದವನು ನಾನೇ. ಸಿಂಕು ಪದೇ ಪದೇ ಕಟ್ಟಿಕೊಳ್ಳುತ್ತದೆಂದು, ಧಾರೆ ನೇರ ತೂತಿಗೇ ಬೀಳುವ ಹಾಗೆ ಬದಲಾಯಿಸಿ ಎಲ್ಲರ ಮುಂದೆ ಕೊಚ್ಚಿಕೊಂಡಿದ್ದೆ. ಸೋಮವಾರ ನಿನ್ನ ಮೇಲಿನ ವಿಚಾರಣೆಯಲ್ಲಿ ಹೇಳಿಬಿಡುತ್ತೇನೆ. ನೀನೂ ಬಾ. ಆ ಮಂಚದಿಂದ ಮನೆಗೆ ಮರಳದ ಇಬ್ಬರ ಕಡೆಯವರೂ ಬರುತ್ತಾರೆ. ಅವರ ಮುಂದೆ ಒಬ್ಬನೇ ನಿಲ್ಲಲಾರೆ.