ಬಾಯಿಬಡುಕಿಯ ಗುರಾಣಿ

ಮನೆಯಿಂದ, ಹಿಂದಿನ ಕೋಣೆ
ತಾರೀಖು ಹದಿನಾಲ್ಕು, ಭಾನುವಾರ ಸಂಜೆ

ಪ್ರೀತಿಯ ಮಗಳೇ,

ಈ ಎರಡು ಪದ ಬರೆದು, ಪೆನ್ನು ಮುಚ್ಚಿಟ್ಟು, ಒಂದು ಲೋಟ ಕಾಫಿ ಕುಡಿದು ಬಂದು ಮತ್ತೆ ಕುಳಿತಿದ್ದೇನೆ. ನೀನು ನನ್ನ ಜೊತೆ ಮಾತು ಬಿಟ್ಟು ಒಂಬತ್ತು ವರ್ಷವಾಯಿತು. ಫೋನಿನಲ್ಲಿ ನನ್ನ ದನಿ ಕೇಳಿದರೆ ಇಟ್ಟುಬಿಡುತ್ತೀಯ. ಕಾಗದವಾದರೆ ಹರಿಯುವ ಮೊದಲು ನಾಲ್ಕು ಸಾಲಾದರೂ ಓದುತ್ತೀಯೇನೋ ಎಂಬ ಆಸೆ. ವಿಳಾಸ ಕೊಟ್ಟವನು ನಿನ್ನ ತಮ್ಮ, ಅವನ ಮೇಲೆ ಸಿಟ್ಟಾಗಬೇಡ. ಹೇಗಿದ್ದೀಯ? ಬಂದರಿನಲ್ಲಿ ಕ್ರೇನ್ ನಡೆಸುತ್ತೀಯಂತೆ, ಮೇಲಿನ ಗೂಡಿಗೆ ಹತ್ತಲು ನೂರಾಹತ್ತು ಮೆಟ್ಟಿಲಿನ ಏಣಿಯಂತೆ. ಸೊಂಟ ಜೋಪಾನ. ಗಾಳಿ ಜೋರಾಗಿರುವ ದಿನ ಕಿವಿಗೆ ಹತ್ತಿ ಇಟ್ಟುಕೋ, ಚಿಕ್ಕವಳಿದ್ದಾಗ ನಿನಗೆ ಕಿವಿನೋವು ಬೇಗ ಬರುತ್ತಿತ್ತು. ನನ್ನ ಮಂಡಿ ಹಾಗೇ ಇದೆ. ಮೂವತ್ತಮೂರು ವರ್ಷ ಓಡುವ ಬಸ್ಸಿನಲ್ಲಿ ನಿಂತ ಮಂಡಿ ಈಗ ಗಟ್ಟಿ ನೆಲದ ಮೇಲೂ ಅಲ್ಲಾಡುತ್ತದೆ. ನಿವೃತ್ತಿಯಾಗಿ ನಾಲ್ಕು ತಿಂಗಳಾಯಿತು, ಇನ್ನೂ ಬೆಳಗಿನ ಪಾಳಿಯ ಹೊತ್ತಿಗೆ ಎಚ್ಚರವಾಗಿ ಬೂಟು ಹುಡುಕುತ್ತೇನೆ.

ನಿನ್ನ ತಮ್ಮನ ಸುದ್ದಿ ನಿನಗೆ ಗೊತ್ತಿರಬೇಕು. ಅಂಗಡಿಯೊಂದರ ಮುಂಭಾಗಕ್ಕೆ ಗಾಜು ಕೂರಿಸುವಾಗ ಅದು ಜಾರಿ, ಅವನ ಬಲಗೈ ಮಣಿಕಟ್ಟು ಆಳವಾಗಿ ಕತ್ತರಿಸಿತು. ಹೊಲಿದಿದ್ದಾರೆ, ಆರು ವಾರ ಪಟ್ಟಿ ಬಿಚ್ಚುವ ಹಾಗಿಲ್ಲ. ಗಾಬರಿ ಬೇಡ, ಬೆರಳು ಆಡುತ್ತವೆ. ಅಂಗಿಯ ಗುಂಡಿ ನಾನು ಹಾಕಿಕೊಡುತ್ತೇನೆ, ಇಪ್ಪತ್ತೈದರ ಗಂಡಸು ಗಲ್ಲ ಮೇಲೆತ್ತಿ ಶಾಲೆಗೆ ಹೊರಟ ಹುಡುಗನ ಹಾಗೆ ನಿಲ್ಲುತ್ತಾನೆ. ಆದರೆ ಅವನಿಗೆ ಕೈಗಿಂತ ದೊಡ್ಡ ಚಿಂತೆ ಒಂದು ಕಂಪ್ಯೂಟರ್ ಆಟದ್ದು. ಐದು ಊರಿನ ಐದು ಜನ ಪ್ರತಿ ಭಾನುವಾರ ನಾಲ್ಕು ಗಂಟೆಗೆ ಸೇರಿ, ಗುಹೆಗಳಿಗೆ ನುಗ್ಗಿ ಮೃಗಗಳನ್ನು ಕೊಲ್ಲುವ ಆಟ. ಒಬ್ಬ ಮೂರು ವಾರ ಬಾರದಿದ್ದರೆ ಅವನ ಜಾಗಕ್ಕೆ ಬೇರೆಯವರು. ಅವನಿಗೆ ಸ್ನೇಹಿತರು ಅಂತ ಇರುವುದು ಆ ನಾಲ್ವರೇ. ಹೊರಗೆ ಅವನು ಎಷ್ಟು ಮಾತಾಡುತ್ತಾನೆ ಎಂದು ನಿನಗೇ ಗೊತ್ತು. ಎರಡು ವಾರ ಕಳೆದ ಮೇಲೆ ನನ್ನ ಮುಂದೆ ಬಂದು ನಿಂತು, “ಅಪ್ಪಾ, ನನ್ನ ಜಾಗದಲ್ಲಿ ನೀನು ಕೂತ್ಕೋತೀಯಾ?” ಎಂದ. ಹುಟ್ಟಿದಾಗಿನಿಂದ ನನ್ನ ಹತ್ತಿರ ಏನನ್ನೂ ಬೇಡಿದವನಲ್ಲ. ಹೂಂ ಎಂದೆ. ಹೂಂ ಎಂದ ಬಾಯಿಗೆ ಬೆಂಕಿ ಬೀಳಲಿ.

ಹೇಸಿಗೆ, ಮಗಳೇ. ಬೇರೆ ಮಾತಿಲ್ಲ. ಅವನದು ಟ್ಯಾಂಕ್ ಎನ್ನುವ ಪಾತ್ರ. ಮಹಡಿ ಮೇಲಿನ ನೀರಿನ ತೊಟ್ಟಿಯೇನೋ ಎಂದುಕೊಂಡೆ, ಅಲ್ಲ, ಯುದ್ಧದ ಟ್ಯಾಂಕಂತೆ. ಕೆಲಸ ಇಷ್ಟೇ: ಎಲ್ಲರಿಗಿಂತ ಮುಂದೆ ಗುರಾಣಿ ಹಿಡಿದು ನಿಂತು ಮೃಗದ ಏಟೆಲ್ಲ ತಾನು ತಿನ್ನುವುದು. ಉಳಿದವರು ಹಿಂದಿನಿಂದ ಆರಾಮಾಗಿ ಹೊಡೆಯುತ್ತಾರೆ. ಪರದೆಯ ಮೇಲೆ ಕಬ್ಬಿಣದ ಅಂಗಿ ತೊಟ್ಟ ಒಬ್ಬ ಹೆಂಗಸು, ಅವಳಷ್ಟೇ ಎತ್ತರದ ಗುರಾಣಿ, ತಲೆಯ ಮೇಲೆ ಹೆಸರು: ಬಾಯಿಬಡುಕಿ. ಎರಡು ಸಲ ಓದಿದೆ. ಆ ಹೆಸರು ಹಿಡಿದು ನಾನು ಕರೆಯುತ್ತಿದ್ದದ್ದು ಒಬ್ಬಳನ್ನೇ. ನನ್ನನ್ನು ಚುಚ್ಚುವುದಕ್ಕೇ ಇಟ್ಟಿದ್ದಾನೆ ಎಂದುಕೊಂಡು ಹಲ್ಲು ಕಚ್ಚಿಕೊಂಡು ಕುಳಿತೆ.

ಮೊದಲ ಭಾನುವಾರದ ಕಥೆ ಕೇಳು. ಗುಹೆಯ ಬಾಗಿಲಿಗೆ ಐವರೂ ಬಂದೆವು. ನಾನು ಪಕ್ಕಕ್ಕೆ ಸರಿದು ದಾರಿ ಬಿಟ್ಟು ನಿಂತೆ. ಕಂಡಕ್ಟರ್ ಕೊನೆಗೆ ಹತ್ತುವವನು. ಎಲ್ಲರೂ ಒಳಗೆ ಹೋದರೇ ಎಂದು ತಲೆ ಎಣಿಸಿ, ಫುಟ್‌ಬೋರ್ಡಿನ ಮೇಲೆ ಕಾಲಿಟ್ಟು ಸೀಟಿ ಊದಿದರೇ ಬಸ್ಸು ಹೊರಡುವುದು. ಅವರು ನಿಂತೇ ಇದ್ದರು. ನಾನೂ ನಿಂತೇ ಇದ್ದೆ. ಕಿವಿಗೆ ಸಿಕ್ಕಿಸಿಕೊಂಡಿದ್ದ ಹೆಡ್‌ಫೋನಿನಲ್ಲಿ ಯಾರೋ ಹೋಗೋಣವೇ ಎಂದರು. ಹೋಗಿ ಹೋಗಿ, ಒಳಗೆ ಜಾಗ ಇದೆ, ಮುಂದೆ ಹೋಗಿ ಎಂದೆ. ಹೋದರು. ಒಂದು, ಎರಡು, ಮೂರು, ನಾಲ್ಕು ಎಂದು ಎಣಿಸಿ ನಾನು ಒಳಗೆ ಕಾಲಿಡುವ ಹೊತ್ತಿಗೆ ನಾಲ್ಕು ಹೆಣ ಸಾಲಾಗಿ ಬಿದ್ದಿದ್ದವು. ಟ್ಯಾಂಕ್ ಎಲ್ಲರಿಗಿಂತ ಮೊದಲು ಹೋಗಬೇಕಂತೆ. ಮುಂಚೆಯೇ ಹೇಳಬೇಡವೇ? ನಿನ್ನ ತಮ್ಮ ಪಟ್ಟಿ ಕಟ್ಟಿದ ಕೈಯನ್ನು ಬಾಯಿಗೆ ಅಡ್ಡ ಹಿಡಿದು ನಗುತ್ತಿದ್ದ. ನನ್ನ ಎದುರು ಅವನು ನಕ್ಕದ್ದು ಎಷ್ಟು ವರ್ಷದ ಮೇಲೋ ನೆನಪಿಲ್ಲ.

ಇನ್ನು ಆ ನಾಲ್ವರು. ಬೆಂಕಿ ಎಸೆಯುವ ಮಂತ್ರವಾದಿ ನಿಜದಲ್ಲಿ ಹಲ್ಲಿನ ಡಾಕ್ಟರಂತೆ, ಆಟದುದ್ದಕ್ಕೂ ನನ್ನ ಕಿವಿಯೊಳಗೇ ಏನೋ ಕುರುಕುರು ತಿನ್ನುತ್ತಿರುತ್ತಾನೆ. ತಾನೇ ಹಚ್ಚಿದ ಬೆಂಕಿಯಲ್ಲಿ ತಾನೇ ಸುಟ್ಟುಕೊಂಡು ಟ್ಯಾಂಕ್ ಸರಿಯಿಲ್ಲ ಎನ್ನುತ್ತಾನೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಕತ್ತಿ ಹಿಡಿದ ಇನ್ನೊಬ್ಬ ಮನೆಮನೆಗೆ ಪಾರ್ಸೆಲ್ ಹಂಚುವವನು, ಬಸ್ಸು ನಿಲ್ಲುವ ಮುಂಚೆ ಇಳಿಯುವ ಜಾತಿ. ನಾನು ಒಂದು ಮೃಗದ ಜೊತೆ ಏಗುತ್ತಿದ್ದರೆ ಇವನು ಮುಂದೆ ಓಡಿ ಇನ್ನು ಮೂರನ್ನು ಎಬ್ಬಿಸಿಕೊಂಡು ಬಂದು ನನ್ನ ಬೆನ್ನ ಹಿಂದೆ ಅಡಗುತ್ತಾನೆ. ಬಿಲ್ಲು ಹಿಡಿದವನು ಮಾತೇ ಆಡುವುದಿಲ್ಲ, ಅಲ್ಲಿ ಕುರ್ಚಿಯ ಮೇಲೆ ಮನುಷ್ಯನಿದ್ದಾನೋ ಬರೀ ಕುರ್ಚಿಯೋ ದೇವರೇ ಬಲ್ಲ. ಗಾಯ ಮಾಯಿಸುವ ಪಾತ್ರದವಳೊಬ್ಬಳೇ ಮನುಷ್ಯಳು. ಗಡಿಯಾರ ರಿಪೇರಿ ಮಾಡುವ ಹೆಂಗಸು, “ನಿಧಾನ, ನಾನಿದ್ದೀನಿ” ಎನ್ನುತ್ತಾಳೆ. ಮೃಗ ಸತ್ತೊಡನೆ ಎಲ್ಲರೂ ಅದರ ಹೊಟ್ಟೆಗೆ ಕೈ ಹಾಕಿ ಉಂಗುರ, ಕತ್ತಿ, ಬೂಟು ಬಾಚಿಕೊಂಡು ಕುಣಿಯುತ್ತಾರೆ. ಏಟು ತಿಂದವಳನ್ನು ಕೇಳುವವರಿಲ್ಲ, ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ. ಯಾರಾದರೂ ಸತ್ತರೆ ಮಾತ್ರ ಟ್ಯಾಂಕಿನ ನೆನಪು. ಆ ಮೃಗಗಳನ್ನಂತೂ ನೋಡಲಾಗದು. ಜೊಲ್ಲು, ಕೀವು, ಹಲ್ಲಿನ ಸಂದಿಯ ಹುಳು, ಒಂದೊಂದನ್ನೂ ಬಿಡಿಸಿ ತೋರಿಸಿದ್ದಾರೆ. ಯಾರೋ ಓದು ಬರಹ ಬಲ್ಲವರೇ ಕುಳಿತು ಈ ಕೆಲಸ ಮಾಡಿದ್ದಾರಲ್ಲ! ಎರಡು ಭಾನುವಾರ ರಾತ್ರಿಯ ಊಟ ಸೇರಲಿಲ್ಲ.

ಇಷ್ಟನ್ನೂ ಹೇಗೋ ನುಂಗಿಕೊಂಡೆ. ನುಂಗಲಾಗದ್ದು ಎರಡನೇ ನಂಬರಿನ ಗುಂಡಿ. ಅದನ್ನು ಒತ್ತಿದರೆ ಆ ಕಬ್ಬಿಣದ ಹೆಂಗಸು ಕತ್ತಿಯಿಂದ ಗುರಾಣಿಯನ್ನು ಬಡಿದು, ಮೃಗದ ಹುಟ್ಟನ್ನೆಲ್ಲ ಜಾಲಾಡಿ ಬೈಯುತ್ತಾಳೆ. ಮೃಗ ಅಟ್ಟಿಸಿಕೊಂಡು ಹೋಗುತ್ತಿದ್ದವರನ್ನು ಬಿಟ್ಟು ಇವಳ ಮೇಲೆ ಬೀಳುತ್ತದೆ. ನಾನು ಒತ್ತಲಿಲ್ಲ. ಕುಡಿದವನು ನನ್ನ ಬೂಟಿನ ಮೇಲೆ ವಾಂತಿ ಮಾಡಿದ್ದಾನೆ, ಕಾಲರ್ ಹಿಡಿದು ಎಳೆದವರಿದ್ದಾರೆ, ಮುಖಕ್ಕೆ ಉಗಿದವರಿದ್ದಾರೆ. ಮೂವತ್ತಮೂರು ವರ್ಷ ನಾನು ತಿರುಗಿ ಒಂದು ಮಾತು ಆಡಿದವನಲ್ಲ. ಕಂಡಕ್ಟರ್ ಬಾಯಿ ಬಿಟ್ಟರೆ ಡಿಪೋದಲ್ಲಿ ಮೆಮೊ ಕಾದಿರುತ್ತದೆ. ಅಂಥವನು ಈ ವಯಸ್ಸಿನಲ್ಲಿ ಬೈಗುಳ ಕಲಿಯಬೇಕೇ? ಹಾಗಾಗಿ ಎರಡು ಭಾನುವಾರವೂ ಮೃಗ ನನ್ನನ್ನು ಬಿಟ್ಟು ಆ ಗಡಿಯಾರದ ಹೆಂಗಸಿನ ಮೇಲೆ ಹೋಗಿ ಅವಳನ್ನು ಹರಿದುಹಾಕಿತು. ಪರವಾಗಿಲ್ಲ ಎಂದಳು. ಆದರೆ ಮುಂದಿನ ವಾರವೂ ಹೀಗೇ ಆದರೆ ಬೇರೆ ಟ್ಯಾಂಕನ್ನು ಹುಡುಕಬೇಕಾಗುತ್ತದೆ ಎಂದೂ ಮೆಲ್ಲಗೆ ಹೇಳಿದ್ದಳು. ನಿನ್ನ ತಮ್ಮನ ಮುಖ ಸಣ್ಣಗಾಗಿತ್ತು.

ಬಾಯಿ ಬಿಡುವುದು ನನ್ನ ರೀತಿಯಲ್ಲ. ಅದು ನಿನ್ನ ರೀತಿ. ಸಿಟ್ಟಾಗಬೇಡ, ಇದ್ದದ್ದು ಹೇಳುತ್ತಿದ್ದೇನೆ. ನಿಮ್ಮಮ್ಮ ಹೋದ ಮೇಲೆ ನಾನು ದಣಿದು ಮನೆಗೆ ಬಂದರೆ ನಿನ್ನದು ಏನಾದರೂ ಒಂದು ಕೊಂಕು ಕಾದಿರುತ್ತಿತ್ತು. ಆ ಸೀಟಿಯ ದಿನ ನೆನಪಿದೆಯಲ್ಲ? ನಿನಗೆ ಹದಿನೈದು, ಅವನಿಗೆ ಒಂಬತ್ತು. ನನ್ನ ಡ್ಯೂಟಿ ಸೀಟಿಯನ್ನು ಶಾಲೆಗೆ ಒಯ್ದು ಕಳೆದುಕೊಂಡು ಬಂದಿದ್ದ. ಸೀಟಿಯಿಲ್ಲದೆ ಡ್ಯೂಟಿಗೆ ಹೋಗಿ, ಎಲ್ಲರ ಎದುರು ಇನ್‌ಸ್ಪೆಕ್ಟರ್ ಹತ್ತಿರ ಬೈಸಿಕೊಂಡು ಬಂದಿದ್ದೆ. ಸೊಂಟದ ಬೆಲ್ಟು ಬಿಚ್ಚಿ ಅವನನ್ನು ಹಿಡಿದುಕೊಂಡಿದ್ದೆ. ಆಗ ನೀನು ಕಿಟಕಿಯ ಹತ್ತಿರ ಹೋಗಿ ನಿಂತು, “ಬಸ್ಸಲ್ಲಿ ಬಾಯಿಗೆ ಬೀಗ, ಮನೇಲಿ ಮಾತ್ರ ಹುಲಿ” ಎಂದೆ. ಮುಂದೆ ಆದದ್ದು ನಿನ್ನ ಹುಬ್ಬಿನ ಮೇಲೆ ಇದೆ, ಮೂರು ಹೊಲಿಗೆ. ಬಚ್ಚಲಲ್ಲಿ ಜಾರಿಬಿದ್ದಳು ಎಂದು ಡಾಕ್ಟರಿಗೆ ಹೇಳಿದೆ. ಅವಳ ಬಾಯೇ ಅವಳಿಗೆ ಶತ್ರು ಎಂದು ನನಗೆ ನಾನು ಹೇಳಿಕೊಂಡೆ. ಪ್ರತಿ ಸಲವೂ ಕಿಟಕಿಗೇ ಏಕೆ ಹೋಗುತ್ತಾಳೆ, ಬೀದಿಯವರಿಗೆಲ್ಲ ಕೇಳಲಿ ಅಂತಲೇ ಎಂದು ನನಗೆ ಮೈಯೆಲ್ಲ ಉರಿಯುತ್ತಿತ್ತು.

ಇವತ್ತು ನಾಲ್ಕು ಗಂಟೆಗೆ ಮತ್ತೆ ಕುಳಿತೆ. ಗುಹೆಯ ಕೊನೆಯಲ್ಲಿ ಎಲ್ಲಕ್ಕಿಂತ ದೊಡ್ಡ ಮೃಗ. ಹತ್ತು ಏಟು ತಡೆದೆ, ಹನ್ನೊಂದನೆಯದಕ್ಕೆ ಅದು ನನ್ನನ್ನು ಬಿಟ್ಟು ಗಡಿಯಾರದ ಹೆಂಗಸಿನ ಕಡೆ ತಿರುಗಿತು. ಎರಡು ಒತ್ತು ಎಂದ ನಿನ್ನ ತಮ್ಮ, ಕುರ್ಚಿಯ ಬೆನ್ನು ಹಿಡಿದು. ಸಿಟ್ಟಿಗೆದ್ದು ಬೈಯುವ ಕೆಲಸ ನನ್ನಿಂದಾಗದು ಎಂದು ರೇಗಿದೆ. ಆಗ ಅವನು ಹೇಳಿದ, “ಬೈಯೋದು ಸಿಟ್ಟಿಗಲ್ಲ ಅಪ್ಪಾ. ಅದಕ್ಕೆ ಎಲ್ಲಿ ಉರಿಯತ್ತೋ ಅಲ್ಲಿಗೊಂದು ಮಾತು ಬಿಟ್ರೆ, ಅವರನ್ನ ಬಿಟ್ಟು ನಿನ್ನ ಹತ್ರ ಬರತ್ತೆ. ಅಷ್ಟೇ.” ಒತ್ತಿದೆ. ಬಂತು. ಈಗ ಗೋಡೆಯ ಕಡೆ ಸರಿ, ಅದು ನಿನ್ನ ಕಡೆ ಮುಖ ಮಾಡಿದರೆ ಬೆನ್ನು ಅವರ ಕಡೆ ಆಗುತ್ತದೆ, ಅವರು ತಪ್ಪಿಸಿಕೊಳ್ಳಬಹುದು ಎಂದ. ಸರಿದೆ. ಎಷ್ಟು ಹೊತ್ತು ಹಾಗೆ ನಿಂತಿದ್ದೆನೋ, ಮೃಗ ಬಿತ್ತು. ಹಲ್ಲಿನ ಡಾಕ್ಟರೂ ಭಲೇ ಬಾಯಿಬಡುಕಿ ಎಂದ. ಬಿಲ್ಲಿನವನು ಕೆಮ್ಮಿದ, ಮನುಷ್ಯನೇ ಇದ್ದಾನೆ. ನಿನ್ನ ತಮ್ಮನ ಜಾಗ ಉಳಿಯಿತು. ನನಗೂ ಹುರುಪು ಬಂದು, ಇಷ್ಟು ಚೆನ್ನಾಗಿ ಯಾರಿಂದ ಕಲಿತೆಯೋ ಎಂದು ಕೇಳಿದೆ.

“ಅಕ್ಕನಿಂದ,” ಎಂದ.

ಅವಳು ಯಾವತ್ತು ಈ ಆಟ ಆಡಿದಳು ಎಂದೆ. “ಆಟದಲ್ಲಲ್ಲ ಅಪ್ಪಾ,” ಎಂದು ನನ್ನ ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋದ. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಸುಲಭವಾಗುತ್ತಿತ್ತು. ಹೆಡ್‌ಫೋನ್ ತೆಗೆದಿಟ್ಟೆ. ಪರದೆಯ ಮೇಲೆ ಆ ಮೃಗ ಬಾಯಿ ತೆರೆದುಕೊಂಡು ಬಿದ್ದಿತ್ತು, ಎಲ್ಲರೂ ಅದರ ಸುತ್ತ ಕುಣಿಯುತ್ತಿದ್ದರು. ಥೂ, ಅದರ ಮುಖ ನೋಡಲಾಗಲಿಲ್ಲ.

ಇನ್ನೇನು ಬರೆಯಲಿ. ಹಿಂದಿನ ಕೋಣೆಯ ಕಿಟಕಿಗೆ ಹೊಸ ಗಾಜು ಹಾಕಿದ್ದೇವೆ, ಅವನೇ ಅಳತೆ ಹೇಳಿದ, ನಾನು ಕೂರಿಸಿದೆ, ಸ್ವಲ್ಪ ಓರೆ. ಇಪ್ಪತ್ತೆಂಟಕ್ಕೆ ಅವನ ಪಟ್ಟಿ ಬಿಚ್ಚುತ್ತಾರೆ. ಏಣಿ ಹತ್ತುವಾಗ ಇಳಿಯುವಾಗ ಎರಡೂ ಕೈ ಹಿಡಿ, ಆತುರ ಬೇಡ. ಎಲ್ಲಿದ್ದರೂ ತಣ್ಣಗಿರು.

ನಿನ್ನ ಅಪ್ಪ

ಮತ್ತೆ: ಲಕೋಟೆ ಅಂಟಿಸಿದ್ದೆ, ಈಗ ಬಿಚ್ಚಿ ಬರೆಯುತ್ತಿದ್ದೇನೆ. ಆ ದಿನದ್ದು ನಿನ್ನ ಬಾಯಿಯ ತಪ್ಪಲ್ಲ. ಬೆಲ್ಟು ಎತ್ತಿದ್ದು ಅವನ ಮೇಲೆ, ನೀನು ನನಗೆ ಉರಿಯುವ ಕಡೆ ನೋಡಿ ಮಾತು ಬಿಟ್ಟೆ. ನೀನು ಕಿಟಕಿಗೆ ಹೋಗಿ ನಿಂತರೆ ನಾನು ಬಾಗಿಲಿಗೆ ಬೆನ್ನು ಹಾಕುತ್ತಿದ್ದೆ, ಅವನು ಬಾಗಿಲಿನಿಂದ ಓಡುತ್ತಿದ್ದ. ಇಷ್ಟು ತಿಳಿಯಲು ನನಗೆ ಹದಿನಾರು ವರ್ಷ ಬೇಕಾಯಿತು. ಅವನು ನನ್ನ ಎತ್ತರಕ್ಕೆ ಬೆಳೆದ ವರ್ಷವೇ ನೀನು ಮನೆ ಬಿಟ್ಟದ್ದು ಏಕೆಂದೂ ಈಗ ತಿಳಿಯಿತು. ಬಚ್ಚಲಲ್ಲಿ ಜಾರಿದ್ದು ಸುಳ್ಳು ಎಂದು ಈಗಷ್ಟೇ ಅವನಿಗೆ ಹೇಳಿದೆ. ಗೊತ್ತು ಎಂದ. ನನ್ನ ಮೇಲೆ ನನಗೇ ಹೇಸಿಗೆಯಾಗಿದೆ. ಇವತ್ತು ಆ ಮೃಗ ನನ್ನ ಕಡೆ ಮುಖ ತಿರುಗಿಸಿದಾಗ ನಾನು ಹೆದರಿ ಕುರ್ಚಿಯಲ್ಲೇ ಹಿಂದಕ್ಕೆ ಸರಿದೆ, ಮಗಳೇ. ನನಗೆ ಅರವತ್ತು, ಅದು ಗಾಜಿನ ಆಚೆ ಇತ್ತು. ನಿನಗೆ ಹದಿನೈದು, ನಡುವೆ ಗಾಜೂ ಇರಲಿಲ್ಲ. ತಪ್ಪಾಯಿತು.